ಒಬ್ಬರೇ ಕಟ್ಟಿದ ನಿಗೂಢ ಹಡಗು

ಪತ್ತೇದಾರಿ ಕಂಪ್ಯೂಟರ್ ಗೇಮ್ ಒಂದನ್ನು ಒಬ್ಬರೇ ಮಾಡಬಹುದೇ? ಅಮೆರಿಕದ ಲ್ಯೂಕಸ್ ಪೋಪ್ ಮಾಡಿದ್ದಾರೆ. 2018ರಲ್ಲಿ ಬಂದ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಗೇಮಿನ ಕೋಡ್, ಚಿತ್ರ, ಸಂಗೀತ ಅವರದೇ. ಹಿಡಿದದ್ದು 4 ವರ್ಷಕ್ಕೂ ಹೆಚ್ಚು.

ಕಾಣೆಯಾಗಿದ್ದ ಹಡಗು 1807ರಲ್ಲಿ ಮರಳಿದೆ. ಜೀವಂತ ಯಾರೂ ಇಲ್ಲ. 60 ಮಂದಿಯಲ್ಲಿ ಯಾರು ಯಾರು, ಅವರಿಗೇನಾಯಿತು ಎಂದು ಆಟಗಾರ ಪತ್ತೆ ಹಚ್ಚಬೇಕು. ಮಾತಿನ ಧಾಟಿಯೂ ಸುಳಿವು. ಗಡಿಯವರಾದ ನಮಗೆ ಇದು ಹೊಸದಲ್ಲ ಬಿಡಿ. ಊಹೆ ನಡೆಯದು. ಸಾಮಾನ್ಯವಾಗಿ ಮೂವರ ಉತ್ತರ ಸರಿಯಾದರೆ ಮಾತ್ರ ಗೇಮ್ ಒಪ್ಪುತ್ತದೆ.

ಬಣ್ಣ ಎರಡೇ. ಹಾಗೆಂದು ಕೆಲಸ ಉಳಿಯಲಿಲ್ಲ. ನೋಟ ತಿರುಗಿದಾಗ ಚುಕ್ಕೆಗಳು ಮಿನುಗಿ ಕಣ್ಣು ನೋಯದಂತೆ ಮಾಡಲು ಪೋಪ್ ಬಹಳ ಹೆಣಗಿದರು.

ಮೊದಲ ಗೇಮಿಗೆ ಹಡಗು ಬೇಡ. ಒಂದು ಕೋಣೆ, ಮೂರು ಸುಳಿವು ಸಾಕು. ಕಥೆ ತಿಳಿಯದ ಗೆಳೆಯನಿಂದ ಆಡಿಸಿ, ಸುಮ್ಮನೆ ನೋಡಿ. ಅವನು ತಡವರಿಸಿದಲ್ಲಿ ಸುಳಿವು ಸಾಲದು.