ಸೈನೈಡ್ ಗುಡ್ಡದ ಎದುರು ಒಂದು ನಗೆಚಿತ್ರ

ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ರೈಲಿಗೆ ಕಾಯುವವರು ಪಾನಿಪುರಿ ತಿನ್ನದೆ ಹೋಗಬಾರದು. ಇಲ್ಲಿನ ಪಾನಿಗೆ ಹಸಿರು ಬಣ್ಣವಿಲ್ಲ. ನೋಡಲು ಬರೀ ತಿಳಿನೀರು, ಬಾಯಿಗೆ ಬಿದ್ದ ಮೇಲೆಯೇ ಅದರ ಖಾರ ಗೊತ್ತಾಗುವುದು. ಅಲ್ಲಿಂದ ಕೋರಮಂಡಲ, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂಗೆ ಹದಿನಾರು ಕಿಲೋಮೀಟರ್‌ನಷ್ಟು ದಾರಿ. ಹೋಗುತ್ತಾ ಬೂದುಬಣ್ಣದ ಬೋಳು ಗುಡ್ಡಗಳು ಕಾಣಿಸುತ್ತವೆ. ಅವು ಮನುಷ್ಯರು ಕಟ್ಟಿದ ಗುಡ್ಡಗಳು. ಅದಿರನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡು, ಉಳಿದ ಕೆಸರನ್ನು ಕೆಜಿಎಫ್ ಎಂಬ ಕೋಲಾರ ಚಿನ್ನದ ಗಣಿಯವರು ವರ್ಷಗಟ್ಟಲೆ ಸುರಿಯುತ್ತಾ ಹೋದರು. ಈಗ ಅಂಥ 13 ರಾಶಿಗಳಿವೆ. ಒಟ್ಟು ಸುಮಾರು 3.3 ಕೋಟಿ ಟನ್.

ಈ ಬೂದಿಯ ಮೇಲೆಯೇ ಪ್ರಶಾಂತ್ ನೀಲ್ ‘ಕೆಜಿಎಫ್’ ಚಿತ್ರದ ಕಾಲ್ಪನಿಕ ಗಣಿ ನಾರಾಚಿಯನ್ನು ಕಟ್ಟಿದರು. 2018ರ ಡಿಸೆಂಬರ್ 21ರಂದು ಮೊದಲ ಭಾಗ ತೆರೆಕಂಡ ಮೇಲೆ ಊರಿನ ಹೆಸರು ದೇಶದ ಬಾಯಲ್ಲೆಲ್ಲ ಓಡಾಡಿತು. ಎರಡನೇ ಭಾಗದ ಚಿತ್ರೀಕರಣ ನಡೆಯುವಾಗ, 2019ರಲ್ಲಿ, ಗುಡ್ಡಕ್ಕೆ ಹಾನಿಯಾಗುತ್ತಿದೆ ಎಂಬ ದೂರಿನ ಮೇಲೆ ಸ್ಥಳೀಯ ನ್ಯಾಯಾಲಯ ತಡೆ ಕೊಟ್ಟದ್ದೂ ಉಂಟು. 2024ರಲ್ಲಿ ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ ಈ ನೆಲದ ಕತೆಯನ್ನು ಇನ್ನೂ ಹಿಂದಕ್ಕೆ, ಬ್ರಿಟಿಷರ ಕಾಲಕ್ಕೆ ಒಯ್ದಿತು.

ಎರಡೂ ದೊಡ್ಡ ಚಿತ್ರಗಳು. ಎರಡನ್ನೂ ನಾನು ಮೆಚ್ಚಿಕೊಂಡೇ ನೋಡಿದೆ. ಆದರೂ ಇಲ್ಲಿನ ಗಣಿ ಕಾರ್ಮಿಕರ ಲೈನ್ ಮನೆಗಳ ಜನ ತಾವೇ ಕ್ಯಾಮೆರಾ ಹಿಡಿದು, ತಮ್ಮ ಊರಿಗೆ ಬಂದ ಸಿನಿಮಾವನ್ನೇ ಕತೆ ಮಾಡಿಕೊಂಡು, ನಗಿಸುವ ಒಂದು ಚಿತ್ರ ತೆಗೆಯಬೇಕೆಂಬ ಆಸೆ ನನ್ನನ್ನು ಬಿಟ್ಟಿಲ್ಲ. ಇದು ಆಗದ ಮಾತೇನಲ್ಲ. ಮಹಾರಾಷ್ಟ್ರದ ಮಾಲೆಗಾಂವ್ ಅದನ್ನು ಮಾಡಿ ತೋರಿಸಿದೆ.

ಮಾಲೆಗಾಂವ್ ವಿದ್ಯುತ್ ಮಗ್ಗಗಳ ಊರು. ಅಲ್ಲಿ ವಿಡಿಯೊ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್, ಗೆಳೆಯರನ್ನು ಕಟ್ಟಿಕೊಂಡು ‘ಮಾಲೆಗಾಂವ್ ಕೆ ಶೋಲೆ’ ತೆಗೆದರು. ಗಬ್ಬರ್ ಸಿಂಗ್ ಅಲ್ಲಿ ರಬ್ಬರ್ ಸಿಂಗ್ ಆದ, ಬಸಂತಿ ಬಾಸ್ಮತಿ ಆದಳು. ಡಕಾಯಿತರಿಗೆ ಕುದುರೆ ಎಲ್ಲಿಂದ ತರುವುದು? ಸೈಕಲ್ ಹತ್ತಿಸಿದರು. ಟ್ರಾಲಿಯ ಕೆಲಸವನ್ನೂ ಸೈಕಲ್ಲೇ ಮಾಡಿತು, ಕ್ರೇನ್ ಬೇಕಾದಾಗ ಎತ್ತಿನ ಗಾಡಿ ಬಂತು. ಕೈಯಲ್ಲಿ ಕಾಸಿಲ್ಲದ್ದೇ ಅಲ್ಲಿ ಹಾಸ್ಯವಾಯಿತು. ಈ ತಂಡದ ಮೇಲೆ ಫೈಜಾ ಅಹ್ಮದ್ ಖಾನ್ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಸಾಕ್ಷ್ಯಚಿತ್ರ ಮಾಡಿದರು, ಆಮೇಲೆ ರೀಮಾ ಕಾಗ್ತಿ ಕಥಾಚಿತ್ರವನ್ನೇ ಮಾಡಿದರು. ಅವರು ಅಣಕಿಸಿದ ಅಸಲಿ ‘ಶೋಲೆ’ ತಯಾರಾದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಬಂಡೆ ನಮ್ಮದು, ನಗೆ ಮಾಲೆಗಾಂವ್‌ನದು! ಅದನ್ನು ನೆನೆದಾಗಲೆಲ್ಲ ಸಣ್ಣ ಹೊಟ್ಟೆಕಿಚ್ಚಾಗುತ್ತದೆ.

ಸಿನಿಮಾ ತೆಗೆಯುವುದನ್ನೇ ಕತೆ ಮಾಡಿಕೊಳ್ಳುವುದು ಕನ್ನಡಕ್ಕೂ ಹೊಸದಲ್ಲ. ಉಪೇಂದ್ರರ ‘ಶ್!’ ಚಿತ್ರದಲ್ಲಿ ಶೂಟಿಂಗ್ ತಂಡವೇ ಕತೆಯ ನಡುವೆ ಇತ್ತು. 2022ರ ‘ಹರಿಕಥೆ ಅಲ್ಲ ಗಿರಿಕಥೆ’ ಸಿನಿಮಾ ಮಾಡಹೊರಟವರ ಪಾಡನ್ನೇ ನಗೆಯಾಗಿಸಿತು. ಆದರೆ ಕೆಜಿಎಫ್‌ನಲ್ಲಿರುವ ಸರಕು ಬೇರೆಲ್ಲೂ ಸಿಗದು. ತೆರೆಯ ಮೇಲಿನ ನಾರಾಚಿಯಲ್ಲಿ ಗುಲಾಮರು ತಲೆತಗ್ಗಿಸಿ ನಿಂತು ಒಬ್ಬ ನಾಯಕನಿಗಾಗಿ ಕಾಯುತ್ತಾರೆ. ನಿಜವಾದ ಗಣಿಯವರು ಹಾಗೆ ಕಾಯಲಿಲ್ಲ. 1930ರಲ್ಲಿ, ಬೆರಳಚ್ಚು ಕೊಡುವುದಿಲ್ಲವೆಂದು 21 ದಿನ ಮುಷ್ಕರ ಹೂಡಿದರು. ಕೇಜಿನಲ್ಲಿ ನಿಂತು ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದವರು ಅವರು. ಕೆಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ಅದುರುತ್ತಿದ್ದವು. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಕ್ಲಬ್ಬಿನಲ್ಲಿ ಇಂಗ್ಲಿಷ್ ಕೇಳಿ ಬೆಳೆದವರ ಮಾತಿನ ಚುರುಕನ್ನು ಹೊರಗಿನ ಸಂಭಾಷಣೆಕಾರ ಎಲ್ಲಿಂದ ತರಬೇಕು? 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವರ ಮಕ್ಕಳು ಈಗ ನಸುಕಿಗೇ ರೈಲು ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೋಗುತ್ತಾರೆ.

ಈ ಗುಡ್ಡಗಳೂ ಹೀಗೇ ಇರುತ್ತವೆಂದು ನಂಬುವಂತಿಲ್ಲ. ಉಳಿದ ಚಿನ್ನಕ್ಕಾಗಿ 13 ರಾಶಿಗಳನ್ನೂ ಮತ್ತೆ ಗಣಿಗಾರಿಕೆಗೆ ಕೊಡಲು 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ.

ನನ್ನ ಮನಸ್ಸಿನಲ್ಲಿರುವ ಚಿತ್ರದ ಮೊದಲ ದೃಶ್ಯ ಇದು. ಗುಡ್ಡದ ಮೇಲೆ ನಿರ್ದೇಶಕ ಧೂಳು ಏಳಲೆಂದು ಗಾಳಿಗೆ ಕಾಯುತ್ತಿದ್ದಾನೆ. ಕೆಳಗೆ, ಲೈನ್ ಮನೆಯ ಅಜ್ಜಿ ಒಗೆದ ಬಿಳಿ ಪಂಚೆಯನ್ನು ಹಗ್ಗಕ್ಕೆ ಹಾಕಿ, ಇವತ್ತೊಂದು ದಿನ ಗಾಳಿ ಬೀಸದಿರಲಿ ಎಂದು ಕೈಮುಗಿಯುತ್ತಿದ್ದಾಳೆ. ದೂರದಲ್ಲಿ ಮರದ ಎಲೆ ಅಲುಗುತ್ತದೆ. ಇಬ್ಬರೂ ಒಮ್ಮೆಲೇ ಆ ಕಡೆ ತಿರುಗುತ್ತಾರೆ.