ಶಾಲು ಹೊದಿಸೋದು ಯಾವ ಲೆಕ್ಕಕ್ಕೆ?

ಸೆಪ್ಟೆಂಬರ್ ಮೊದಲ ವಾರದಲ್ಲಿ ಯಾವತ್ತಾದರೂ ಎಲ್‌ಐಸಿ ಕಚೇರಿಗೆ ಹೋಗಿದ್ದೀರಾ? ಶಿವಮೊಗ್ಗದ ವಿಭಾಗೀಯ ಕಚೇರಿ ಇರಲಿ, ಭದ್ರಾವತಿಯ ಶಾಖೆ ಇರಲಿ, ಆ ವಾರ ಅಲ್ಲಿ ಹಬ್ಬದ ಕಳೆ. ಜೀವ ವಿಮಾ ನಿಗಮ ಹುಟ್ಟಿದ್ದು 1956ರ ಸೆಪ್ಟೆಂಬರ್ 1ರಂದು. ಅದರ ನೆನಪಿಗೆ ಪ್ರತಿ ವರ್ಷ 1ರಿಂದ 7ರವರೆಗೆ ವಿಮಾ ಸಪ್ತಾಹ ಮಾಡ್ತಾರೆ. ಸಭೆ, ಸಿಹಿ, ಸಾಧಕರಿಗೆ ಸನ್ಮಾನ. ನಮ್ಮ ಕಡೆ ಸನ್ಮಾನ ಅಂದ್ರೆ ಗೊತ್ತಲ್ಲ, ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಸ್ಮರಣಿಕೆ. ಸ್ವಲ್ಪ ದೊಡ್ಡ ಸಾಧನೆ ಆದ್ರೆ ತಲೆಗೆ ಮೈಸೂರು ಪೇಟ.

ನಾವು ಐಟಿಯವರು ಇದನ್ನು ನೋಡಿ ನಗುವ ಹಾಗಿಲ್ಲ. ನಮ್ಮಲ್ಲೂ ‘ವರ್ಕ್ ಆ್ಯನಿವರ್ಸರಿ’ಗೆ ಇಮೇಲ್ ಬರುತ್ತೆ, ‘ಸ್ಟಾರ್ ಪರ್ಫಾರ್ಮರ್’ ಅಂತ ಸರ್ಟಿಫಿಕೇಟ್ ಕೊಡ್ತಾರೆ. ಶಾಲಿನ ಬದಲು ಗಿಫ್ಟ್ ಕಾರ್ಡ್, ಅಷ್ಟೇ ವ್ಯತ್ಯಾಸ. ಕೆಲಸ ಮಾಡಿದವರನ್ನು ನಾಲ್ಕು ಜನರ ಎದುರು ಹೊಗಳೋದು ಒಳ್ಳೆಯದೇ. ನನಗಿರೋ ಪ್ರಶ್ನೆ ಬೇರೆ. ಯಾವ ಲೆಕ್ಕಕ್ಕೆ ಹೊಗಳ್ತೀವಿ? ಬೇರೆ ಕಂಪನಿಗಳಲ್ಲಿ ಈ ಪ್ರಶ್ನೆಗೆ ಅಷ್ಟು ತೂಕ ಇಲ್ಲದೆ ಇರಬಹುದು. ವಿಮಾ ಕಂಪನಿಯಲ್ಲಿ ಮಾತ್ರ ಒಂದು ಕುಟುಂಬದ ಭವಿಷ್ಯವೇ ಇದರ ಮೇಲೆ ನಿಂತಿರುತ್ತೆ.

ಒಂದೇ ದಿನ 5,88,107

ವಿಮಾ ಲೋಕ ಈಚೆಗೆ ಕಂಡ ಅತಿ ದೊಡ್ಡ ಸಂಭ್ರಮದಿಂದಲೇ ಶುರು ಮಾಡೋಣ. 2025ರ ಜನವರಿ 20ರಂದು ಎಲ್‌ಐಸಿಯ 4,52,839 ಏಜೆಂಟರು 24 ಗಂಟೆಯಲ್ಲಿ 5,88,107 ಪಾಲಿಸಿ ಮಾಡಿಸಿದರು. ಅದು ಗಿನ್ನೆಸ್ ದಾಖಲೆ. ಆಗ ನಿಗಮದ ಮುಖ್ಯಸ್ಥರಾಗಿದ್ದ ಸಿದ್ಧಾರ್ಥ ಮೊಹಾಂತಿ ಅವರು ಪ್ರತಿ ಏಜೆಂಟ್ ಆ ದಿನ ಕನಿಷ್ಠ ಒಂದು ಪಾಲಿಸಿ ಮಾಡಿಸಬೇಕು ಅಂತ ಕರೆ ಕೊಟ್ಟಿದ್ದರು. ಭಾಗಿಸಿ ನೋಡಿದರೆ ತಲಾ 1.3 ಪಾಲಿಸಿ. ಒಬ್ಬೊಬ್ಬರದು ದೊಡ್ಡದಲ್ಲ, ಎಲ್ಲರದೂ ಸೇರಿದಾಗ ಬೆಟ್ಟ.

ನಾಯಕತ್ವದ ಪಾಠ ಅಂತ ನೋಡಿದರೆ ಇದು ಭರ್ಜರಿ. ನಾಲ್ಕೂವರೆ ಲಕ್ಷ ಜನರನ್ನು, ಅದರಲ್ಲೂ ಸಂಬಳಕ್ಕಲ್ಲ, ಕಮಿಷನ್ನಿಗೆ ಕೆಲಸ ಮಾಡುವವರನ್ನು, ಒಂದೇ ದಿನ ಒಂದೇ ಕೆಲಸಕ್ಕೆ ಹಚ್ಚೋದು ಸುಲಭವಲ್ಲ. ನಮ್ಮಲ್ಲಿ ಹತ್ತು ಜನರ ಟೀಮನ್ನು ಬೆಳಗ್ಗೆ ಹತ್ತಕ್ಕೆ ಒಂದು ಕಾಲ್‌ಗೆ ಸೇರಿಸೋದೇ ಕಷ್ಟ!

ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಆ ದಿನ ಸಹಿ ಹಾಕಿದವರಲ್ಲಿ ಎಷ್ಟು ಜನ ಎರಡನೇ ವರ್ಷದ ಕಂತು ಕಟ್ಟುತ್ತಾರೆ? ಐದು ವರ್ಷ ಕಳೆದ ಮೇಲೆ ಎಷ್ಟು ಜನ ಉಳಿದಿರುತ್ತಾರೆ? ವಿಮಾ ಕ್ಷೇತ್ರದಲ್ಲಿ ಇದಕ್ಕೊಂದು ಅಳತೆಯೇ ಇದೆ, ‘ಪರ್ಸಿಸ್ಟೆನ್ಸಿ’ ಅಂತಾರೆ. ಮಾಡಿಸಿದ ಪಾಲಿಸಿಗಳಲ್ಲಿ 13ನೇ ತಿಂಗಳಿಗೆ ಎಷ್ಟು ಚಾಲ್ತಿಯಲ್ಲಿವೆ, 61ನೇ ತಿಂಗಳಿಗೆ ಎಷ್ಟು ಅನ್ನೋ ಲೆಕ್ಕ ಅದು. ಪ್ರತಿ ಕಂಪನಿಯೂ ಇದನ್ನು ಬಹಿರಂಗವಾಗಿ ಪ್ರಕಟಿಸಬೇಕು. 2023-24ರಲ್ಲಿ ಎಲ್‌ಐಸಿಯ ಲೆಕ್ಕ ಪ್ರೀಮಿಯಂ ಮೊತ್ತದಲ್ಲಿ ಹೀಗಿತ್ತು: 13ನೇ ತಿಂಗಳಿಗೆ ಸುಮಾರು ಶೇ. 78, 61ನೇ ತಿಂಗಳಿಗೆ ಸುಮಾರು ಶೇ. 61. ಅಂದ್ರೆ ನೂರು ರೂಪಾಯಿ ಪ್ರೀಮಿಯಂ ಶುರುವಾದರೆ ಐದು ವರ್ಷ ದಾಟುವಷ್ಟರಲ್ಲಿ ಉಳಿಯೋದು ಅರವತ್ತೊಂದು.

ಆ್ಯಪ್ ಮಾಡುವವರಿಗೆ ಇದು ಗೊತ್ತಿರೋ ಕಥೆ. ಡೌನ್‌ಲೋಡ್ ಎಷ್ಟು ಅಂತ ಪಾರ್ಟಿ ಮಾಡ್ತೀವಿ. ಮೂರು ತಿಂಗಳಾದ ಮೇಲೆ ಎಷ್ಟು ಜನ ಆ್ಯಪ್ ತೆರೀತಾರೆ ಅಂತ ಕೇಳಿದರೆ ಮೀಟಿಂಗ್‌ನಲ್ಲಿ ಎಲ್ಲರೂ ಮ್ಯೂಟ್. ಆದರೆ ಆ್ಯಪ್ ಡಿಲೀಟ್ ಮಾಡಿದವನಿಗೆ ನಷ್ಟ ಏನೂ ಇಲ್ಲ. ಪಾಲಿಸಿ ಅರ್ಧಕ್ಕೆ ಬಿಟ್ಟವನ ಮನೆಯಲ್ಲಿ ನಾಳೆ ಏನಾದರೂ ಆದ್ರೆ?

ಕ್ಲಬ್ಬಿನ ಮೆಟ್ಟಿಲುಗಳು

ಏಜೆಂಟರ ಕಾರಿನ ಹಿಂಗಾಜಿನ ಮೇಲೋ ಮನೆಯ ಬಾಗಿಲ ಮೇಲೋ ‘ಎಂಡಿಆರ್‌ಟಿ’ ಅಂತ ಬರೆದಿರೋದು ನೋಡಿರುತ್ತೀರಿ. ಮಿಲಿಯನ್ ಡಾಲರ್ ರೌಂಡ್ ಟೇಬಲ್ ಅನ್ನೋದರ ಚುಟುಕು ಅದು. 1927ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ 32 ಏಜೆಂಟರು ಸೇರಿ ಕಟ್ಟಿದ ಸಂಘ. ಇಂತಿಷ್ಟು ಕಮಿಷನ್ ಅಥವಾ ಪ್ರೀಮಿಯಂ ತಂದವರಿಗೆ ಆ ವರ್ಷದ ಸದಸ್ಯತ್ವ. ಅದರ ಮೂರು ಪಟ್ಟು ಮಾಡಿದವರು ‘ಕೋರ್ಟ್ ಆಫ್ ದಿ ಟೇಬಲ್’, ಆರು ಪಟ್ಟು ಮಾಡಿದವರು ‘ಟಾಪ್ ಆಫ್ ದಿ ಟೇಬಲ್’.

ಎಲ್‌ಐಸಿಯಲ್ಲಿ ಇದರ ಜೊತೆಗೆ ತನ್ನದೇ ಏಣಿ ಇದೆ. ಶಾಖಾ ವ್ಯವಸ್ಥಾಪಕರ ಕ್ಲಬ್, ವಿಭಾಗೀಯ ವ್ಯವಸ್ಥಾಪಕರ ಕ್ಲಬ್, ವಲಯ ವ್ಯವಸ್ಥಾಪಕರ ಕ್ಲಬ್, ಅಧ್ಯಕ್ಷರ ಕ್ಲಬ್, ಹೀಗೆ ಮೇಲೆ ಹೋಗುತ್ತೆ. ಶಿವಮೊಗ್ಗದಂಥ ಊರಲ್ಲಿ ಈ ಹೆಸರುಗಳಿಗೆ ನಿಜವಾದ ಬೆಲೆ ಇದೆ. ಮದುವೆ ಮನೆಯಲ್ಲಿ ‘ಇವರು ಚೇರ್ಮನ್ಸ್ ಕ್ಲಬ್ ಮೆಂಬರ್’ ಅಂತ ಪರಿಚಯ ಮಾಡಿಸಿದರೆ ಎದುರಿಗಿದ್ದವರು ಕುರ್ಚಿ ಬಿಟ್ಟುಕೊಡ್ತಾರೆ. ಇಷ್ಟಕ್ಕೂ ಏಜೆಂಟ್ ನಿಗಮದ ನೌಕರನಲ್ಲ. ತಿಂಗಳ ಸಂಬಳ ಇಲ್ಲ, ಪ್ರಮೋಷನ್ ಇಲ್ಲ. ಕ್ಲಬ್ಬೇ ಅವರ ಬಡ್ತಿ.

ಸಭೆಯಲ್ಲಿ ಚಪ್ಪಾಳೆ ಬೀಳದ ಕೆಲವು ಮೈಲಿಗಲ್ಲುಗಳೂ ಇವೆ. 2023ರ ಸೆಪ್ಟೆಂಬರ್‌ನಲ್ಲಿ ಏಜೆಂಟರ ಗ್ರಾಚ್ಯುಟಿ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಅವರ ಟರ್ಮ್ ವಿಮೆ ಅದುವರೆಗೆ 3 ಸಾವಿರದಿಂದ 10 ಸಾವಿರ ರೂಪಾಯಿ ಇತ್ತು! ಅದನ್ನು 25 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸಿದರು. ಊರಿಗೆಲ್ಲ ವಿಮೆ ಮಾಡಿಸಿದವರಿಗೆ ನಿಗಮ ಕೊಡುತ್ತಿದ್ದ ರಕ್ಷಣೆ ಹತ್ತು ಸಾವಿರ ದಾಟುತ್ತಿರಲಿಲ್ಲ ಅನ್ನೋದನ್ನು ಒಮ್ಮೆ ಯೋಚಿಸಿ. ನನ್ನ ಮಟ್ಟಿಗೆ ಹತ್ತು ಪೇಟಗಳಿಗಿಂತ ಈ ಒಂದು ಆದೇಶವೇ ದೊಡ್ಡ ಸನ್ಮಾನ.

ಕಾರ್ಖಾನೆ ಊರಿನ ಲೆಕ್ಕ

ಈಗ ಭದ್ರಾವತಿಗೆ ಬನ್ನಿ. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ, ಆದರೆ ಊರಿನ ಸ್ವಭಾವವೇ ಬೇರೆ. ಒಂದು ಕಡೆ 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಅಂದ್ರೆ ಇಂದಿನ ವಿಐಎಸ್‌ಎಲ್. ಇನ್ನೊಂದು ಕಡೆ 1936ರಲ್ಲಿ ಸ್ಥಾಪನೆಯಾದ ಎಂಪಿಎಂ ಕಾಗದದ ಕಾರ್ಖಾನೆ. ತಲೆಮಾರುಗಟ್ಟಲೆ ಈ ಊರು ಕಾರ್ಖಾನೆಯ ಸೈರನ್ನಿಗೆ ಎದ್ದು, ಸಂಬಳದ ದಿನಕ್ಕೆ ಕಾದ ಊರು.

ಇಂಥ ಊರಲ್ಲಿ ವಿಮೆಗೆ ಸರಿಹೊಂದುವ ವ್ಯವಸ್ಥೆ ‘ಸ್ಯಾಲರಿ ಸೇವಿಂಗ್ಸ್ ಸ್ಕೀಮ್’. ಕಂತು ಸಂಬಳದಲ್ಲೇ ಕಡಿತ. ಮಾಲೀಕರು ಎಲ್ಲರ ಕಂತನ್ನೂ ಒಟ್ಟಿಗೆ ನಿಗಮಕ್ಕೆ ಕಳಿಸ್ತಾರೆ. ಕಾರ್ಮಿಕ ಕಚೇರಿಗೆ ಅಲೆಯಬೇಕಿಲ್ಲ, ತಾರೀಕು ನೆನಪಿಡಬೇಕಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆಟೋ-ಪೇ. ಇದರ ಬೇರು ನಮ್ಮ ರಾಜ್ಯದಲ್ಲಿ ಇನ್ನೂ ಹಳೆಯದು. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಸರ್ಕಾರಿ ವಿಮೆ ಶುರು ಮಾಡಿತ್ತು. ಇವತ್ತಿನ ಕೆಜಿಐಡಿ ಅದರ ಮುಂದುವರಿಕೆ. ನಿಮ್ಮ ಮನೆಯಲ್ಲಿ ರಾಜ್ಯ ಸರ್ಕಾರಿ ನೌಕರರಿದ್ದರೆ ಅವರ ಸಂಬಳದ ಚೀಟಿಯಲ್ಲಿ ಕೆಜಿಐಡಿ ಕಡಿತ ಕಾಣಿಸುತ್ತೆ.

ಆದರೆ ಆಟೋ-ಪೇ ನಡೆಯೋದು ಸಂಬಳ ಬರುವ ತನಕ ಮಾತ್ರ. ಎಂಪಿಎಂನಲ್ಲಿ ಉತ್ಪಾದನೆ ನಿಂತು ವರ್ಷಗಳೇ ಆದವು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ದೀರ್ಘಕಾಲ ಧರಣಿ ಕೂತರು. ಸಂಬಳ ನಿಂತ ಮನೆಯಲ್ಲಿ ಮೊದಲು ನಿಲ್ಲೋದು ಕಣ್ಣಿಗೆ ಕಾಣದ ಖರ್ಚು. ಅಕ್ಕಿ ಬೇಕು, ಮಕ್ಕಳ ಫೀಸ್ ಕಟ್ಟಬೇಕು, ವಿಮೆಯ ಕಂತು ‘ಆಮೇಲೆ ನೋಡೋಣ’. ರಕ್ಷಣೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಪಾಲಿಸಿ ಕೈಬಿಟ್ಟು ಹೋಗುತ್ತೆ.

ಕಾನೂನು ಇಲ್ಲಿ ಒಂದು ಒಳ್ಳೆಯ ಮಾತು ಹೇಳಿದೆ, ಕಾರ್ಖಾನೆ ಊರಿನವರು ತಿಳಿದಿರಬೇಕು. ದೆಹಲಿಯ ವಿದ್ಯುತ್ ಸಂಸ್ಥೆಯೊಂದು ನೌಕರನ ಕಂತನ್ನು ನಿಗಮಕ್ಕೆ ಕಟ್ಟಿರಲಿಲ್ಲ. ನೌಕರ ತೀರಿಕೊಂಡ. ಪಾಲಿಸಿ ಲ್ಯಾಪ್ಸ್ ಆಗಿದೆ ಅನ್ನೋ ಕಾರಣಕ್ಕೆ ಹಣ ಸಿಗಲಿಲ್ಲ. ಅವನ ಹೆಂಡತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪು ಕೊಟ್ಟಿತು: ಈ ಸ್ಕೀಮ್‌ನಲ್ಲಿ ಕಂತು ಸಂಗ್ರಹಿಸುವ ಮಾಲೀಕ ನಿಗಮದ ಏಜೆಂಟ್ ಇದ್ದ ಹಾಗೆ. ಅವನು ಮಾಡಿದ ತಪ್ಪಿಗೆ ನೌಕರನ ಕುಟುಂಬ ಬೆಲೆ ತೆರಬೇಕಿಲ್ಲ. ಸಂಬಳದ ಚೀಟಿಗಳನ್ನು ಜೋಪಾನವಾಗಿ ಇಡಿ ಅಂತ ಹಿರಿಯರು ಹೇಳೋದು ಇದಕ್ಕೇ.

ಹಾಗಾದರೆ ಭದ್ರಾವತಿಯಂಥ ಊರಲ್ಲಿ ಯಾವ ಏಜೆಂಟ್ ದೊಡ್ಡ ಸಾಧಕ? ಹೊಸ ಬಡಾವಣೆಯಲ್ಲಿ ಐವತ್ತು ಪಾಲಿಸಿ ಮಾಡಿಸಿದವರಾ? ಕೆಲಸ ಹೋದ ಕಾರ್ಮಿಕರ ಮನೆ ಮನೆ ತಿರುಗಿ, ‘ಅಣ್ಣಾ, ಸಂಬಳದ ಕಡಿತ ನಿಂತಿದೆ, ಇನ್ನು ನೀವೇ ಕಟ್ಟಬೇಕು, ಮೂರು ತಿಂಗಳಿಗೊಮ್ಮೆ ಆಗುತ್ತಾ ನೋಡಿ’ ಅಂತ ಐವತ್ತು ಹಳೆ ಪಾಲಿಸಿ ಉಳಿಸಿಕೊಟ್ಟವರಾ? ಎರಡನೆಯವರ ಕೆಲಸಕ್ಕೆ ಗಿನ್ನೆಸ್‌ನವರು ಬರೋದಿಲ್ಲ. ಅವರಿಗೆ ಹೊಸ ಕಮಿಷನ್ ಕೂಡ ಇಲ್ಲ. ಮೊದಲ ವರ್ಷದ ಕಮಿಷನ್ ದೊಡ್ಡದು, ಆಮೇಲಿನ ಕಂತುಗಳ ಮೇಲಿನದು ಸಣ್ಣದು. ದುಡ್ಡು ಯಾವ ಕಡೆ ಎಳೆಯುತ್ತೋ ಸನ್ಮಾನವೂ ಅದೇ ಕಡೆ ಎಳೆದರೆ ಉಳಿಸುವ ಕೆಲಸ ಮಾಡೋರು ಯಾರು?

ನಾಯಕತ್ವ ಅಂದ್ರೆ ಅಳತೆ ಬದಲಿಸೋದು

ಒಳ್ಳೆಯ ಸುದ್ದಿ ಅಂದ್ರೆ ಗಾಳಿ ನಿಧಾನಕ್ಕೆ ತಿರುಗ್ತಾ ಇದೆ. 2024ರ ಡಿಸೆಂಬರ್ 9ರಂದು ಶುರುವಾದ ‘ಬಿಮಾ ಸಖಿ’ ಯೋಜನೆಯನ್ನೇ ನೋಡಿ. ಹತ್ತನೇ ತರಗತಿ ಪಾಸಾದ ಮಹಿಳೆಯರು ಏಜೆಂಟ್ ಆಗಿ, ಕಮಿಷನ್ ಜೊತೆಗೆ ಮೊದಲ ವರ್ಷ ತಿಂಗಳಿಗೆ 7 ಸಾವಿರ, ಎರಡನೇ ವರ್ಷ 6 ಸಾವಿರ, ಮೂರನೇ ವರ್ಷ 5 ಸಾವಿರ ರೂಪಾಯಿ ಸ್ಟೈಪೆಂಡ್ ಪಡೆಯಬಹುದು. ಆದರೆ ಎರಡನೇ ವರ್ಷದ ಹಣ ಬರಬೇಕಾದರೆ ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ಕನಿಷ್ಠ ಶೇ. 65 ಚಾಲ್ತಿಯಲ್ಲಿರಬೇಕು. ಮಾರಿದ್ದು ಮಾತ್ರ ಅಲ್ಲ, ಉಳಿಸಿದ್ದೂ ಲೆಕ್ಕ. ಯೋಜನೆ ಬರೆದವರ ತಲೆಯಲ್ಲಿ ಸರಿಯಾದ ಪ್ರಶ್ನೆ ಇತ್ತು ಅಂತ ಇದರಿಂದ ಗೊತ್ತಾಗುತ್ತೆ.

ವಿಮೆಯಲ್ಲಿ ನಾಯಕತ್ವ ಅಂದಾಗ ದೊಡ್ಡ ಹೆಸರುಗಳೂ ನೆನಪಾಗಬೇಕು. 2013ರಲ್ಲಿ ಉಷಾ ಸಾಂಗ್ವಾನ್ ನಿಗಮದ ಮೊದಲ ಮಹಿಳಾ ವ್ಯವಸ್ಥಾಪಕ ನಿರ್ದೇಶಕಿ ಆದರು. ನಿಗಮ ಹುಟ್ಟಿ 57 ವರ್ಷ ಆದ ಮೇಲೆ! ಇಂಥ ಮೈಲಿಗಲ್ಲನ್ನು ಸಂಭ್ರಮಿಸಲೇಬೇಕು, ಇಷ್ಟು ತಡ ಯಾಕೆ ಅಂತಲೂ ಕೇಳಬೇಕು. ಆದರೆ ಸಾಮಾನ್ಯ ಪಾಲಿಸಿದಾರನಿಗೆ ನಾಯಕ ಅಂದ್ರೆ ಮುಂಬೈಯಲ್ಲಿ ಕೂತವರಲ್ಲ, ಶಾಖಾ ವ್ಯವಸ್ಥಾಪಕರು. ಕ್ಲೇಮ್ ಕೌಂಟರಿನಲ್ಲಿ ಯಾರನ್ನು ಕೂರಿಸಬೇಕು, ಗಂಡನನ್ನು ಕಳೆದುಕೊಂಡು ಬಂದ ಹೆಂಗಸಿಗೆ ಒಂದೇ ಭೇಟಿಯಲ್ಲಿ ಎಲ್ಲ ಕಾಗದ ಹೇಳಿ ಕಳಿಸ್ತಾರಾ, ನಾಲ್ಕು ಸಲ ಓಡಾಡಿಸ್ತಾರಾ ಅನ್ನೋದನ್ನು ನಿರ್ಧರಿಸೋದು ಅವರು. ಆ ಕೌಂಟರಿನಲ್ಲಿ ಮೂವತ್ತು ವರ್ಷ ಸಮಾಧಾನದಿಂದ ಕೂತು ನಿವೃತ್ತರಾಗುವ ನೌಕರರಿಗೆ ಬೀಳ್ಕೊಡುಗೆಯ ದಿನ ಸಿಗೋದು ಒಂದು ಹಾರ, ಒಂದು ಫೋಟೊ. ಅವರ ಕೈಯಿಂದ ಎಷ್ಟು ಮನೆಗಳಿಗೆ ಕ್ಲೇಮ್ ಹಣ ತಲುಪಿತು ಅನ್ನೋ ಸಂಖ್ಯೆಯನ್ನೂ ಆ ದಿನ ಓದಿದರೆ ಎಷ್ಟು ಚೆನ್ನ! ಆ ಲೆಕ್ಕ ಕಂಪ್ಯೂಟರಿನಲ್ಲೇ ಇರುತ್ತೆ, ತೆಗೆಯಲು ಒಂದು ಕ್ವೆರಿ ಸಾಕು.

ಹಾಗಾಗಿ ಸನ್ಮಾನದ ಪಟ್ಟಿ ಮಾಡುವವರಿಗೆ ನನ್ನ ಸಲಹೆ ಮೂರು. ಒಂದು, 61ನೇ ತಿಂಗಳ ಲೆಕ್ಕದಲ್ಲಿ ಮೊದಲು ಬಂದ ಏಜೆಂಟರಿಗೆ ಮೊದಲ ಶಾಲು. ಎರಡು, ಲ್ಯಾಪ್ಸ್ ಆದ ಪಾಲಿಸಿಯನ್ನು ಅತಿ ಹೆಚ್ಚು ಮರಳಿ ಜೀವಂತ ಮಾಡಿಸಿದವರಿಗೆ ಪ್ರತ್ಯೇಕ ಬಹುಮಾನ. ಮೂರು, ಕ್ಲೇಮ್ ವಿಭಾಗದವರನ್ನು ವೇದಿಕೆಗೆ ಕರೆಯೋದು. ಖರ್ಚು ಅಷ್ಟೇ, ಹಾರವೂ ಅದೇ, ಹೋಗುವ ಕುತ್ತಿಗೆ ಮಾತ್ರ ಬೇರೆ.

ನಮ್ಮ ಪಾಲಿನ ಕೆಲಸ

ಬರೀ ಅವರಿಗೆ ಹೇಳಿದರೆ ಆಗಲಿಲ್ಲ, ನಮ್ಮ ಮನೆಯ ಲೆಕ್ಕವನ್ನೂ ನೋಡಿಕೊಳ್ಳೋಣ. ಈ ಭಾನುವಾರ ಅಪ್ಪ ಅಮ್ಮನ ಹತ್ತಿರ ಬೀರುವಿನಲ್ಲಿರೋ ಬಾಂಡುಗಳನ್ನು ತೆಗೆಸಿ. ನಾಮಿನಿ ಯಾರು ಅಂತ ನೋಡಿ. ಎಷ್ಟೋ ಬಾಂಡುಗಳಲ್ಲಿ ತೀರಿಹೋದ ಅಜ್ಜಿಯ ಹೆಸರೇ ಇರುತ್ತೆ. ಕಂತು ಎಲ್ಲಿವರೆಗೆ ಕಟ್ಟಿದೆ ಅಂತ ಆನ್‌ಲೈನ್‌ನಲ್ಲಿ ನೋಡಿ. ನಿಂತಿದ್ದರೆ ಗಾಬರಿ ಬೇಡ. ಇಂದಿನ ನಿಯಮದಲ್ಲಿ ಸಾಮಾನ್ಯವಾಗಿ ಮೊದಲ ಕಟ್ಟದ ಕಂತಿನಿಂದ ಐದು ವರ್ಷದೊಳಗೆ ಬಾಕಿ ಮತ್ತು ಬಡ್ಡಿ ಕಟ್ಟಿ, ಬೇಕಾದರೆ ಆರೋಗ್ಯದ ದಾಖಲೆ ಕೊಟ್ಟು ಪಾಲಿಸಿ ಮರಳಿ ಚಾಲ್ತಿ ಮಾಡಿಸಬಹುದು. ಹಳೆಯ ಪಾಲಿಸಿಯಾದರೆ ಷರತ್ತು ಬೇರೆ ಇರಬಹುದು, ಶಾಖೆಯಲ್ಲಿ ಕೇಳಿ. ತಡದ ಶುಲ್ಕದಲ್ಲಿ ರಿಯಾಯಿತಿ ಕೊಡುವ ಅಭಿಯಾನಗಳನ್ನೂ ನಿಗಮ ಆಗಾಗ ಮಾಡುತ್ತೆ.

ಕೆಲಸ ಬಿಡುವಾಗಲೂ ಇದನ್ನು ನೆನಪಿಡಿ. ಸಂಬಳದಲ್ಲಿ ಕಡಿತವಾಗುತ್ತಿದ್ದ ಪಾಲಿಸಿ ಇದ್ದರೆ ಕಂಪನಿ ಬದಲಿಸಿದ ತಿಂಗಳೇ ನೇರ ಪಾವತಿಗೆ ಬದಲಿಸಿಕೊಳ್ಳಿ. ಕಂಪನಿ ಕೊಡುವ ಗ್ರೂಪ್ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೆ ಮುಗಿಯುತ್ತೆ, ಐಡಿ ಕಾರ್ಡ್ ವಾಪಸ್ ಕೊಟ್ಟ ಹಾಗೆ. ಏನೂ ಇಲ್ಲದವರಿಗೆ ಬ್ಯಾಂಕ್ ಖಾತೆಯಿಂದಲೇ ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವನ ಜ್ಯೋತಿ ವಿಮೆ ಇದೆ, 18ರಿಂದ 50 ವರ್ಷದವರು ಸೇರಬಹುದು.

ಇನ್ನೊಂದು ಕೆಲಸ. ನಿಮ್ಮ ಮನೆಗೆ ವರ್ಷಾನುಗಟ್ಟಲೆ ಬಂದು, ‘ಕಂತಿನ ತಾರೀಕು ಬಂತು’ ಅಂತ ನೆನಪಿಸಿದ ಏಜೆಂಟ್ ಒಬ್ಬರು ಇದ್ದರೆ ಅವರಿಗೊಂದು ಫೋನ್ ಮಾಡಿ. ಹೊಸ ಪಾಲಿಸಿ ತಗೊಳ್ಳೋಕಲ್ಲ, ಹಳೆಯದು ಇನ್ನೂ ನಡೀತಾ ಇದೆ ಅಂತ ಹೇಳೋಕೆ. ಎಷ್ಟು ಪಾಲಿಸಿ ಮಾಡಿಸಿದಿರಿ ಅಂತ ಅವರನ್ನು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಎಷ್ಟು ಉಳಿಸಿದಿರಿ ಅಂತ ಕೇಳುವವರು ಕಡಿಮೆ.