ಐಸಿಯುನಿಂದ ಬಂದ ಅಬ್ಬಾ ಮಗಳನ್ನೇ ಗುರುತಿಸದಿದ್ದರೆ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ಸಾಗಿಸಿದ ರೋಗಿಗೆ ವೆಂಟಿಲೇಟರ್ ತೆಗೆದರೆಂದು ಮನೆಯವರು ಅಲ್ಲಾಹನಿಗೆ ಶುಕ್ರ್ ಹೇಳುವಷ್ಟರಲ್ಲಿ, ಅವರು ಮಗಳನ್ನೇ ‘ಯಾರು ನೀನು?’ ಎನ್ನುತ್ತಾರೆ. ಗೋಡೆಯ ಮೇಲೆ ಇರುವೆ ಹರಿಯುತ್ತಿದೆ, ನರ್ಸ್ ವಿಷ ಹಾಕುತ್ತಿದ್ದಾಳೆ ಎನ್ನುತ್ತಾರೆ. ರಾತ್ರಿ ಇನ್ನೂ ಹೆಚ್ಚು. ಹೊರಗೆ ಕೂತ ನೆಂಟರಲ್ಲಿ ಯಾರೋ ‘ಜಿನ್ ಹಿಡಿದಿದೆ’ ಎಂದೂ ಬಿಡುತ್ತಾರೆ.

ಇದು ಹುಚ್ಚೂ ಅಲ್ಲ, ಜಿನ್ನೂ ಅಲ್ಲ. ಇದರ ಹೆಸರು ಡೆಲಿರಿಯಂ. ಸೋಂಕು, ಆಮ್ಲಜನಕದ ಕೊರತೆ, ನಿದ್ದೆಗೇಡು, ಮಿಡಜೋಲಮ್‌ನಂಥ ಮಂಪರಿನ ಔಷಧ ಎಲ್ಲ ಸೇರಿ ಮಿದುಳನ್ನು ಕಂಗೆಡಿಸುತ್ತವೆ. ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ, ಕೆಲವರಿಗೆ ವಾರಗಳಲ್ಲಿ ತಿಳಿಯಾಗುತ್ತದೆ. ಕೂಗಾಡದೆ ಮಂಕಾಗಿ ಮಲಗಿರುವುದೂ ಇದರದೇ ರೂಪ. ಸುಸ್ತು ಎಂದುಕೊಂಡು ನಾವು ಸುಮ್ಮನಾಗುವುದು ಇಲ್ಲಿಯೇ.

ವಾದಿಸಬೇಡಿ. ‘ಅಬ್ಬಾ, ನಾನು ನಿಮ್ಮ ಮಗಳು. ಇದು ಹಾಸನದ ಆಸ್ಪತ್ರೆ. ಈಗ ಅಸರ್ ಹೊತ್ತು’ ಎಂದು ಮನೆಮಾತಿನಲ್ಲೇ, ನಿಧಾನವಾಗಿ, ಮತ್ತೆ ಮತ್ತೆ ಹೇಳಿ. ಕನ್ನಡಕ, ಶ್ರವಣಯಂತ್ರ ತಂದುಕೊಡಿ. ರಾತ್ರಿ ನಿದ್ದೆಗೆ ಬಿಡಿ. ಹತ್ತು ಮಂದಿ ಒಟ್ಟಿಗೆ ನೋಡಲು ಬರುವ ನಮ್ಮ ರೂಢಿ ಇಲ್ಲಿ ಉಪಕಾರವಲ್ಲ, ಪರಿಚಿತ ದನಿ ಒಂದೆರಡು ಸಾಕು. ಝಮ್‌ಝಮ್ ನೀರನ್ನೂ ನರ್ಸನ್ನು ಕೇಳದೆ ಬಾಯಿಗೆ ಹಾಕಬೇಡಿ. ಗಂಟಲಿನ ನಳಿಕೆ ತೆಗೆದ ಮೇಲೆ ನುಂಗುವ ಶಕ್ತಿ ಕುಂದಿರುತ್ತದೆ, ನೀರು ಶ್ವಾಸಕೋಶಕ್ಕೆ ಇಳಿಯಬಹುದು.

ಮನೆಗೆ ಬಂದ ಮೇಲೆ ಗೊಂದಲ ಮರುಕಳಿಸಿದರೆ ಅದೇ ದಿನ ವೈದ್ಯರಿಗೆ ತೋರಿಸಿ, ಹೊಸ ಸೋಂಕಿರಬಹುದು. ಗುಣವಾದ ಮೇಲೂ ಕೆಲವರಿಗೆ ಆಗ ಕಂಡದ್ದು ನಿಜವೆಂಬಂತೆಯೇ ನೆನಪಿರುತ್ತದೆ. ನಗಬೇಡಿ. ಐಸಿಯು ದಿನಗಳಲ್ಲಿ ನಡೆದದ್ದನ್ನು ನೋಟ್‌ಬುಕ್ಕಿನಲ್ಲಿ ದಿನಕ್ಕೆ ನಾಲ್ಕು ಸಾಲು ಬರೆದಿಟ್ಟಿದ್ದರೆ, ಅವರಾಗಿ ಕೇಳಿದ ದಿನ ಓದಿ ಹೇಳಬಹುದು.